ರಬ್ಬರ್ ಮುಟ್ಟಿಸಬಾರದ ಪುಸ್ತಕ

ಕೆಡೆಟ್ ಆಗಿ ಹಡಗು ಹತ್ತಿದ ಮೊದಲ ತಿಂಗಳಲ್ಲೇ ನಾನೊಂದು ಸುಳ್ಳು ಬರೆದೆ. ಮಧ್ಯಾಹ್ನದ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ಸೆಕ್ಸ್‌ಟೆಂಟ್‌ನಲ್ಲಿ ಅಳೆಯಬೇಕು, ಲೆಕ್ಕ ಮಾಡಬೇಕು, ಹಡಗು ಯಾವ ಅಕ್ಷಾಂಶದಲ್ಲಿದೆ ಎಂದು ಹೇಳಬೇಕು. ನನ್ನ ಉತ್ತರ ಸೆಕೆಂಡ್ ಆಫೀಸರ್ ಉತ್ತರಕ್ಕಿಂತ ಒಂಬತ್ತು ಮೈಲಿ ಆಚೆ ಬಂತು. ನಾಚಿಕೆಯಾಯಿತು. ಅಳೆದ ಅಂಕಿಯನ್ನೇ ರಬ್ಬರ್‌ನಿಂದ ಅಳಿಸಿ ತಿದ್ದಿದೆ. ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಬಿಡಿಸುತ್ತಾರಲ್ಲ, ಹಾಗೆ.

ಕ್ಯಾಪ್ಟನ್ ಆ ಪುಟವನ್ನು ಬೆಳಕಿಗೆ ಹಿಡಿದರು. ಉಜ್ಜಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ಬೈಯಲಿಲ್ಲ. "ತಪ್ಪು ಅಂಕಿ ಇದ್ದಿದ್ದರೆ ನೀನು ಎಲ್ಲಿ ತಪ್ಪಿದೆ ಅಂತ ಹುಡುಕಬಹುದಿತ್ತು. ಈಗ ಹುಡುಕೋಕೆ ಏನೂ ಉಳಿಸಿಲ್ಲ" ಎಂದರು. ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆ, ಪಕ್ಕದಲ್ಲಿ ಸರಿಯಾದದ್ದು ಬರೆ, ಸಹಿ ಹಾಕು. ಅಳಿಸಬೇಡ. ಈಗ ನಾನು ಕೆಡೆಟ್‌ಗಳಿಗೆ ನ್ಯಾವಿಗೇಶನ್ ಕಲಿಸುತ್ತೇನೆ. ಮೊದಲ ದಿನ ಹೇಳುವುದು ಇದನ್ನೇ.

ಈಚೆಗೆ ತಂಗಿಯ ಮಗಳು ಒಂದು ವಿಡಿಯೊ ಕಳಿಸಿದಳು. ಪಿಯುಸಿ ಓದುವ ಹುಡುಗಿ. ಅಂಟಾರ್ಕ್ಟಿಕಾಕ್ಕೆ ಯಾರನ್ನೂ ಬಿಡುವುದಿಲ್ಲವಂತೆ, ಅದು ಖಂಡವೇ ಅಲ್ಲ, ಭೂಮಿಯ ಅಂಚಿನ ಹಿಮದ ಗೋಡೆಯಂತೆ. ಧ್ರುವಕ್ಕೆ ಹೋದೆವು ಎಂದವರೆಲ್ಲ ಸುಳ್ಳರಂತೆ. "ಇದು ನಿಜವಾ ಮಾಮ?" ಎಂದು ಕೇಳಿದಳು. ಸುಮ್ನೆ "ಎಲ್ಲ ಸುಳ್ಳು" ಎಂದುಬಿಡಲು ನನಗೆ ಆಗಲಿಲ್ಲ. ಯಾಕೆಂದರೆ ಧ್ರುವದ ವಿಷಯದಲ್ಲಿ ಸುಳ್ಳು ಹೇಳಿದವರು ನಿಜವಾಗಿಯೂ ಇದ್ದಾರೆ.

1909ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಇಬ್ಬರು ಅಮೆರಿಕನ್ನರು, ಕೆಲವೇ ದಿನಗಳ ಅಂತರದಲ್ಲಿ, ಉತ್ತರ ಧ್ರುವ ಮುಟ್ಟಿದ್ದು ತಾವೇ ಎಂದು ತಂತಿ ಕಳಿಸಿದರು. ಮೊದಲನೆಯವರು ಡಾಕ್ಟರ್ ಫ್ರೆಡರಿಕ್ ಕುಕ್. 1908ರ ಏಪ್ರಿಲ್ 21ರಂದು ಅಹ್ವೆಲಾ, ಎಟುಕಿಶೂಕ್ ಎಂಬ ಇಬ್ಬರು ಇನುಯಿಟ್ (ಉತ್ತರದ ಹಿಮನಾಡಿನ ಮೂಲನಿವಾಸಿ) ಯುವಕರ ಜೊತೆ ತಲುಪಿದೆ ಎಂದರು. ಕೋಪನ್‌ಹೇಗನ್ ವಿಶ್ವವಿದ್ಯಾಲಯ ದಾಖಲೆ ಕೇಳಿತು. ಮೂಲ ಪುಸ್ತಕಗಳನ್ನು ಗ್ರೀನ್‌ಲ್ಯಾಂಡಿನಲ್ಲೇ ಬಿಟ್ಟು ಬಂದಿದ್ದೇನೆ ಎಂದರು. ಕೊಟ್ಟ ಕಾಗದಗಳಲ್ಲಿ ಪುರಾವೆ ಏನೂ ಇಲ್ಲ ಎಂದು ಡಿಸೆಂಬರಿನಲ್ಲಿ ತೀರ್ಪು ಬಂತು. ಅದಕ್ಕೂ ಮುಂಚೆ, 1906ರಲ್ಲಿ, ಅಲಾಸ್ಕಾದ ಮೌಂಟ್ ಮೆಕಿನ್ಲಿ ಏರಿದೆ ಎಂದು ಅವರು ಒಂದು ಫೋಟೊ ತೋರಿಸಿದ್ದರು. 1910ರಲ್ಲಿ ಬೇರೆಯವರು ಹುಡುಕಿಕೊಂಡು ಹೋಗಿ ನೋಡಿದರೆ, ಫೋಟೊದಲ್ಲಿದ್ದದ್ದು ಎಷ್ಟೋ ಮೈಲಿ ದೂರದ ಒಂದು ಸಣ್ಣ ಗುಡ್ಡ. ಕುಕ್ ವಿಷಯದಲ್ಲಿ ನನಗೆ ಜಾಸ್ತಿ ಗೊಂದಲವಿಲ್ಲ.

ಕಷ್ಟ ಎರಡನೆಯವರದ್ದು. ರಾಬರ್ಟ್ ಪಿಯರಿ, ಅಮೆರಿಕದ ನೌಕಾಪಡೆಯ ಎಂಜಿನಿಯರ್. 1909ರ ಏಪ್ರಿಲ್ 6ರಂದು ತಲುಪಿದೆ ಎಂದರು. ಜೊತೆಯಲ್ಲಿ ಇದ್ದವರು ಮ್ಯಾಥ್ಯೂ ಹೆನ್ಸನ್ ಮತ್ತು ನಾಲ್ವರು ಇನುಯಿಟ್‌ಗಳು: ಊಟಾ, ಎಗಿಂಗ್ವಾ, ಸೀಗ್ಲೂ, ಊಕಿಯಾ. ಪಿಯರಿ ಹೇಳಿದ್ದನ್ನು ತೂಗಿ ನೋಡಬೇಕಾದರೆ, ಧ್ರುವದಲ್ಲಿ ನಿಂತವನಿಗೆ ಅದೇ ಧ್ರುವ ಎಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಅಲ್ಲಿ ಗುರುತಿನ ಕಂಬ ಇಲ್ಲ. ಉತ್ತರದಲ್ಲಂತೂ ನೆಲವೇ ಇಲ್ಲ, ಸಮುದ್ರದ ಮೇಲೆ ತೇಲುವ ಹಿಮ. ಇವತ್ತು ನೆಟ್ಟ ಬಾವುಟ ನಾಳೆ ಬೇರೆ ಕಡೆ ಹೋಗಿರುತ್ತದೆ. ದಿಕ್ಸೂಚಿ ತೋರಿಸುವ ಕಾಂತಧ್ರುವ ಇರುವುದು ಬೇರೆಲ್ಲೋ. ಉಳಿಯುವುದು ಸೂರ್ಯ ಒಬ್ಬನೇ. ನಮ್ಮೂರಲ್ಲಿ ಸೂರ್ಯ ಏರುತ್ತಾನೆ, ಇಳಿಯುತ್ತಾನೆ. ಧ್ರುವದಲ್ಲಿ ಹಾಗಲ್ಲ. ಗಾಣದ ಎತ್ತಿನ ಹಾಗೆ 24 ಗಂಟೆಯೂ ಒಂದೇ ಎತ್ತರದಲ್ಲಿ ಸುತ್ತುತ್ತಾನೆ. ಆ ದಿನ ಸೂರ್ಯ ಸಮಭಾಜಕದಿಂದ ಎಷ್ಟು ಡಿಗ್ರಿ ಆಚೆ ಇದ್ದಾನೆ ಎಂಬುದು ಆಲ್ಮನ್ಯಾಕ್‌ನಲ್ಲಿ, ಅಂದರೆ ನಾವಿಕರ ಪಂಚಾಂಗದಲ್ಲಿ, ಇರುತ್ತದೆ. ಧ್ರುವದಲ್ಲಿ ಸೂರ್ಯನ ಎತ್ತರವೂ ಅಷ್ಟೇ ಇರಬೇಕು. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ತಪ್ಪಿದರೆ ಒಂದು ನಾಟಿಕಲ್ ಮೈಲಿ ತಪ್ಪಿದ ಹಾಗೆ, ಅಂದರೆ 1,852 ಮೀಟರ್.

ಹಡಗಿನಲ್ಲಿ ನಮಗೆ ಅಳೆಯಲು ದಿಗಂತದ ಗೆರೆ ಸಿಗುತ್ತದೆ. ಏರುತಗ್ಗಿನ ಹಿಮದಲ್ಲಿ ಅದೂ ಸಿಗುವುದಿಲ್ಲ. ಆಗ ತಟ್ಟೆಯಲ್ಲಿ ಪಾದರಸ ಸುರಿದು, ಅದರಲ್ಲಿ ಕಾಣುವ ಸೂರ್ಯನ ಬಿಂಬಕ್ಕೂ ಆಕಾಶದ ಸೂರ್ಯನಿಗೂ ನಡುವಿನ ಕೋನ ಅಳೆಯುತ್ತಾರೆ. ಪಾದರಸ ಮೈನಸ್ 39 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಅದನ್ನು ಬೆಚ್ಚಗಿಟ್ಟುಕೊಳ್ಳಬೇಕು. ಸಾಲದ್ದಕ್ಕೆ ಏಪ್ರಿಲ್ 6ರಂದು ಅಲ್ಲಿ ಸೂರ್ಯ ಇರುವುದು ಆರೂವರೆ ಡಿಗ್ರಿ ಎತ್ತರದಲ್ಲಷ್ಟೇ. ಅಷ್ಟು ಕೆಳಗಿದ್ದಾಗ ಗಾಳಿ ಬೆಳಕನ್ನು ಬಗ್ಗಿಸುತ್ತದೆ, ಸೂರ್ಯ ಇರುವುದಕ್ಕಿಂತ ಮೇಲೆ ಕಾಣುತ್ತಾನೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎಂಟು ಮೈಲಿ ತಪ್ಪುತ್ತದೆ. ಇಷ್ಟೆಲ್ಲ ಇದ್ದೂ, ಮೂಗು ಮರಗಟ್ಟುವ ಚಳಿಯಲ್ಲಿ ಎರಡು-ಮೂರು ಮೈಲಿಯೊಳಗೆ ಅಳೆದವರ ಮೇಲೆ ನನಗೆ ಅಪಾರ ಗೌರವ.

ಪಿಯರಿಯ ತೊಂದರೆ ಪಾದರಸದ್ದಲ್ಲ. 87 ಡಿಗ್ರಿ 47 ಮಿನಿಟ್ ಅಕ್ಷಾಂಶದವರೆಗೆ ಅವರ ಜೊತೆ ಕ್ಯಾಪ್ಟನ್ ಬಾಬ್ ಬಾರ್ಟ್ಲೆಟ್ ಇದ್ದರು. ಸೂರ್ಯನನ್ನು ಅಳೆದು ತಾನೇ ಲೆಕ್ಕ ಮಾಡಬಲ್ಲ ಅಧಿಕಾರಿ. ಏಪ್ರಿಲ್ 1ರಂದು ಪಿಯರಿ ಅವರನ್ನು ವಾಪಸು ಕಳಿಸಿದರು. ಧ್ರುವಕ್ಕೆ ಇನ್ನೂ 133 ನಾಟಿಕಲ್ ಮೈಲಿ ಇತ್ತು. ಅಲ್ಲಿಂದ ಮುಂದೆ ದಿನದ ನಡಿಗೆ ಮೊದಲಿಗಿಂತ ಸುಮಾರು ಇಮ್ಮಡಿಯಾಯಿತು ಎನ್ನುತ್ತದೆ ಪಿಯರಿಯ ವರದಿ. ಹಿಮ ಪಕ್ಕಕ್ಕೆ ಜಾರುತ್ತಿದ್ದರೆ ಅದು ರೇಖಾಂಶ ಅಳೆದಾಗ ಗೊತ್ತಾಗುತ್ತದೆ. ಇಡೀ ಹಾದಿಯಲ್ಲಿ ಪಿಯರಿ ರೇಖಾಂಶ ಅಳೆಯಲೇ ಇಲ್ಲ. ಡೈರಿಯಲ್ಲಿ "ಕೊನೆಗೂ ಧ್ರುವ!" ಎಂದು ಬರೆದದ್ದು ಪುಟದ ಮೇಲಲ್ಲ, ಒಳಗೆ ಸೇರಿಸಿದ ಬಿಡಿ ಹಾಳೆಯ ಮೇಲೆ.

1980ರ ದಶಕದ ಕೊನೆಯಲ್ಲಿ ವಾಲಿ ಹರ್ಬರ್ಟ್ ಆ ಡೈರಿ ಓದಿದರು. 1969ರಲ್ಲಿ ತಾವೇ ಹಿಮದ ಮೇಲೆ ನಡೆದು ಧ್ರುವ ಮುಟ್ಟಿದ್ದವರು ಅವರು. ಪಿಯರಿ ಹತ್ತಾರು ಮೈಲಿ ಪಕ್ಕದಲ್ಲಿ ನಿಂತಿದ್ದಿರಬೇಕು ಎಂಬುದು ಅವರ ತೀರ್ಮಾನ. 1989ರ ಕೊನೆಯಲ್ಲಿ ಇನ್ನೊಂದು ತಂಡ ಫೋಟೊಗಳಲ್ಲಿನ ನೆರಳು ಅಳೆದು, ಇಲ್ಲ, ಪಿಯರಿ ತಲುಪಿದ್ದರು ಎಂದಿತು. ನನ್ನ ಅಭಿಪ್ರಾಯ ಹರ್ಬರ್ಟ್ ಕಡೆಗಿದೆ. ನನಗೆ ಇನ್ನೊಂದು ನೋವೂ ಇದೆ. ಹೆನ್ಸನ್ ಕಪ್ಪು ಮನುಷ್ಯ. ಅವರೂ ಆ ನಾಲ್ವರೂ ಸಾಕ್ಷಿಗಳೇ ಅಲ್ಲ ಎನ್ನುವ ಹಾಗೆ ಆಗಿನ ಜನ ಮಾತಾಡಿದರು.

ಇನ್ನೊಂದು ಕಥೆ ನನಗೆ ತೀರಾ ಹತ್ತಿರದ್ದು. 1926ರ ಮೇ 9ರಂದು ಅಮೆರಿಕದ ರಿಚರ್ಡ್ ಬರ್ಡ್ ಮತ್ತು ಫ್ಲಾಯ್ಡ್ ಬೆನೆಟ್ ನಾರ್ವೆಯ ಉತ್ತರಕ್ಕಿರುವ ಸ್ಪಿಟ್ಸ್‌ಬರ್ಗೆನ್ ದ್ವೀಪದಿಂದ ವಿಮಾನದಲ್ಲಿ ಹೊರಟು ಧ್ರುವದ ಮೇಲೆ ಹಾರಿ ಬಂದೆವು ಎಂದರು. ಎಪ್ಪತ್ತು ವರ್ಷ ಆದ ಮೇಲೆ, 1996ರಲ್ಲಿ, ಬರ್ಡ್ ಡೈರಿ ಹೊರಬಂತು. ಅದರಲ್ಲಿ ಸೆಕ್ಸ್‌ಟೆಂಟ್ ಅಂಕಿಗಳನ್ನು ಅಳಿಸಲಾಗಿತ್ತು. ಅಳಿಸಿದರೂ ಓದಲು ಬರುತ್ತಿತ್ತು, ಮತ್ತು ಅವು ಅಧಿಕೃತ ವರದಿಯ ಅಂಕಿಗಳಿಗೆ ಹೊಂದುತ್ತಿರಲಿಲ್ಲ. ಬರ್ಡ್ ಪರವಾಗಿ ವಾದಿಸುವವರು ಈಗಲೂ ಇದ್ದಾರೆ. ಆ ಸುದ್ದಿ ಓದಿದಾಗ ನನಗೆ ಬೆಳಕಿಗೆ ಹಿಡಿದ ನನ್ನ ಪುಟವೇ ಕಣ್ಣ ಮುಂದೆ ಬಂತು. ಇವತ್ತು ಹೆಚ್ಚಿನವರು ಅನುಮಾನವಿಲ್ಲದೆ ಒಪ್ಪುವುದು ಮೂರು ದಿನದ ನಂತರ, ಮೇ 12ರಂದು, ನಾರ್ವೆಯ ಅನ್ವೇಷಕ ಅಮುಂಡ್‌ಸೆನ್ ಮತ್ತು ಜೊತೆಗಾರರು, ಒಟ್ಟು 16 ಜನ, 'ನಾರ್ಗೆ' ಎಂಬ ವಾಯುನೌಕೆಯಲ್ಲಿ ಹಾರಿದ್ದನ್ನು.

ಇಷ್ಟು ಕೇಳಿದ ಮೇಲೆ ಹುಡುಗಿ ಸರಿಯಾದ ಪ್ರಶ್ನೆಯನ್ನೇ ಕೇಳಿದಳು: "ದೊಡ್ಡ ದೊಡ್ಡವರೇ ಸುಳ್ಳು ಹೇಳಿದ್ದಾರೆ ಅಂತ ನೀವೇ ಹೇಳ್ತೀರಿ. ಹಾಗಾದ್ರೆ ಉಳಿದವರನ್ನು ಯಾಕೆ ನಂಬಬೇಕು?"

ನಾನು ಅವಳಿಗೆ ದಕ್ಷಿಣ ಧ್ರುವದ ಕಥೆ ಹೇಳಿದೆ. ಕುಕ್-ಪಿಯರಿ ಜಗಳವನ್ನು ಅಮುಂಡ್‌ಸೆನ್ ಕಣ್ಣಾರೆ ಕಂಡಿದ್ದರು. ತನ್ನನ್ನೂ ಯಾರೂ ನಂಬದಿರಬಹುದು ಎಂದುಕೊಂಡೇ ಹೊರಟರು. 1911ರ ಡಿಸೆಂಬರ್ 14ರಂದು ಐವರು ಧ್ರುವದ ಹತ್ತಿರ ಬಂದಾಗ, ಬಾವುಟ ನೆಟ್ಟು ವಾಪಸು ಹೊರಡಲಿಲ್ಲ. ಮೂವರು ಮೂರು ದಿಕ್ಕಿಗೆ ಸುಮಾರು 20 ಕಿ.ಮೀ. ಸ್ಕೀ ಮಾಡಿಕೊಂಡು ಹೋಗಿ ಗುರುತು ನೆಟ್ಟರು. ಲೆಕ್ಕ ಸ್ವಲ್ಪ ತಪ್ಪಿದ್ದರೂ ಧ್ರುವ ಆ ಸುತ್ತಳತೆಯ ಒಳಗೆ ಬಿದ್ದಿರಲಿ ಎಂದು. ಆಮೇಲೆ ಬಿಡಾರವನ್ನು ಇನ್ನೂ ಹತ್ತಿರಕ್ಕೆ ಸಾಗಿಸಿ, ಇಡೀ 24 ಗಂಟೆ, ಗಂಟೆಗೊಮ್ಮೆ ಸೂರ್ಯನನ್ನು ಅಳೆದರು. ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರು ಸಹಿ ಹಾಕಿದರು. ನಂತರದ ತಜ್ಞರು ಆ ಅಂಕಿಗಳನ್ನೇ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿದಾಗ, ಆ ಬಿಡಾರ ಧ್ರುವದಿಂದ ಎರಡೂವರೆ ಕಿ.ಮೀ. ಆಸುಪಾಸಿನಲ್ಲಿತ್ತು ಎಂದು ತಿಳಿಯಿತು. ಅವರು ಬಿಟ್ಟುಹೋದ ಗುಡಾರವನ್ನು 1912ರ ಜನವರಿಯಲ್ಲಿ ನೋಡಿದವರು ಎದುರಾಳಿ, ಬ್ರಿಟನ್ನಿನ ಸ್ಕಾಟ್ ಮತ್ತು ಸಂಗಡಿಗರು. ನೋಡಿದ್ದನ್ನು ಡೈರಿಯಲ್ಲಿ ಬರೆದಿಟ್ಟರು. ಮರಳುವ ದಾರಿಯಲ್ಲಿ ಅವರೆಲ್ಲ ತೀರಿಕೊಂಡರು. ನವೆಂಬರಿನಲ್ಲಿ ಹುಡುಕುವವರಿಗೆ ದೇಹಗಳ ಜೊತೆ ಆ ಡೈರಿ ಸಿಕ್ಕಿತು. ಸೋತವನು ಸಾಯುವ ಮುಂಚೆ ಬರೆದಿಟ್ಟ ಸಾಕ್ಷಿ ಅದು.

ಪಿಯರಿಯನ್ನು, ಬರ್ಡ್‌ನನ್ನು ಪ್ರಶ್ನಿಸಿದವರು "ಪುಸ್ತಕ ತೋರಿಸು" ಎಂದರು. ತೋರಿಸಿದ್ದನ್ನು ಕೂತು ಓದಿದರು. ವಿಡಿಯೊದವರು ಓದುವುದಿಲ್ಲ. ಪುಸ್ತಕ ತೋರಿಸಿದರೆ ಅದೂ ನಕಲಿ ಎನ್ನುತ್ತಾರೆ.

ಅಂಟಾರ್ಕ್ಟಿಕಾಕ್ಕೆ ಬಿಡುವುದಿಲ್ಲ ಎಂಬ ಮಾತನ್ನೇ ತೆಗೆದುಕೊಳ್ಳಿ. ಅನುಮತಿ ಪತ್ರ ಬೇಕು ಎಂಬುದು ನಿಜ. ಪರಿಸರ ಹಾಳಾಗದಿರಲಿ ಎಂದು ಆ ನಿಯಮ. ನಮ್ಮ ದೇಶವೂ 2022ರಲ್ಲಿ ಅದಕ್ಕೆ ಕಾನೂನು ಮಾಡಿದೆ. ಆದರೆ ಈಚಿನ ವರ್ಷಗಳಲ್ಲಿ ಒಂದೊಂದು ಬೇಸಿಗೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಅತ್ತ ಹೋಗುತ್ತಿದ್ದಾರೆ. 1959ರ ಅಂಟಾರ್ಕ್ಟಿಕ್ ಒಪ್ಪಂದದ ಏಳನೇ ವಿಧಿ ಓದಿ. ಅಲ್ಲಿರುವ ಯಾವ ದೇಶದ ಸಂಶೋಧನಾ ಕೇಂದ್ರವನ್ನಾದರೂ, ಯಾವ ಹೊತ್ತಿನಲ್ಲಾದರೂ ಬೇರೆ ಸದಸ್ಯ ದೇಶಗಳ ವೀಕ್ಷಕರು ಹೋಗಿ ನೋಡಬಹುದು. ಬಚ್ಚಿಡಬೇಕಿದ್ದರೆ ಹೀಗೆ ಬರೆಯುತ್ತಿದ್ದರಾ?

ಅಲ್ಲೊಂದು ನಾಜಿ ಅಡಗುತಾಣ ಇದೆ ಎಂಬ ಕಥೆಯೂ ಓಡಾಡುತ್ತದೆ. 1938-39ರಲ್ಲಿ 'ಶ್ವಾಬೆನ್‌ಲ್ಯಾಂಡ್' ಎಂಬ ಜರ್ಮನ್ ಹಡಗು ಹೋಗಿದ್ದು ನಿಜ. ಕೆಲವು ವಾರ ವಿಮಾನ ಹಾರಿಸಿ ಸಾವಿರಾರು ಫೋಟೊ ತೆಗೆದು ವಾಪಸಾದರು. ಕಟ್ಟಡ ಏನೂ ಕಟ್ಟಲಿಲ್ಲ. ಆ ವಿಮಾನಗಳ ಪೈಲಟ್ ಒಬ್ಬರ ಹೆಸರು ಶಿರ್ಮಾಖರ್. ಆಗ ಕಂಡ ಹಿಮವಿಲ್ಲದ ಕಲ್ಲುನೆಲಕ್ಕೆ ಅವರ ಹೆಸರೇ ಬಂತು. 1989ರಿಂದ ಭಾರತದ 'ಮೈತ್ರಿ' ಕೇಂದ್ರ ಇರುವುದು ಆ ಶಿರ್ಮಾಖರ್ ನೆಲದ ಮೇಲೇ. ಗುಟ್ಟಿನ ಕೋಟೆ ಇದೆ ಎನ್ನುವ ಪ್ರದೇಶದಲ್ಲಿ ನಮ್ಮವರು ಚಳಿಗಾಲ ಪೂರ್ತಿ ಇದ್ದು, ಹವಾಮಾನ ಅಳೆದು, ಅಡುಗೆ ಮಾಡಿಕೊಂಡು ಉಂಡು ಬರುತ್ತಿದ್ದಾರೆ.

ಧ್ರುವದಲ್ಲಿ ದೊಡ್ಡ ತೂತು ಇದೆ ಎಂದು ತೋರಿಸುವ ಉಪಗ್ರಹ ಚಿತ್ರ 1968ರ ನವೆಂಬರಿನದ್ದು. ಅದು ಒಂದು ಕ್ಲಿಕ್‌ನ ಫೋಟೊ ಅಲ್ಲ, ಇಡೀ ದಿನದ ತುಂಡುಗಳನ್ನು ಜೋಡಿಸಿದ್ದು. ನವೆಂಬರಿನಲ್ಲಿ ಉತ್ತರ ಧ್ರುವಕ್ಕೆ ಬಿಸಿಲೇ ಬೀಳುವುದಿಲ್ಲ. ಬೆಳಕಿಲ್ಲದ ಜಾಗ ಕಪ್ಪಗೆ ಬಂದಿದೆ, ಅಷ್ಟೇ.

ಹಿಮದ ಗೋಡೆಯ ನಕ್ಷೆಗೆ ಉತ್ತರ ನನ್ನ ಕೆಲಸದಲ್ಲೇ ಇದೆ. ಆ ನಕ್ಷೆಯಲ್ಲಿ ಉತ್ತರ ಧ್ರುವ ನಡುವೆ, ದಕ್ಷಿಣ ಎಂದರೆ ಸುತ್ತಲಿನ ಅಂಚು. ಅದನ್ನೇ ನಂಬಿ ಅಳೆದರೆ ಕೇಪ್ ಟೌನಿನಿಂದ ಆಸ್ಟ್ರೇಲಿಯದ ಫ್ರೀಮ್ಯಾಂಟಲ್‌ಗೆ 11,000 ನಾಟಿಕಲ್ ಮೈಲಿ ದಾಟುತ್ತದೆ. ಹಡಗುಗಳು ನಿಜವಾಗಿ ಓಡುವುದು ಸುಮಾರು 4,700. ಗಂಟೆಗೆ 13 ಮೈಲಿಯಂತೆ 15 ದಿನ. ನಕ್ಷೆ ಸರಿಯಾಗಿದ್ದರೆ 35 ದಿನ ಬೇಕಿತ್ತು, ಎಣ್ಣೆ ನಡುನೀರಲ್ಲೇ ಮುಗಿಯುತ್ತಿತ್ತು.

ನಾನು ಅಂಟಾರ್ಕ್ಟಿಕಾಕ್ಕೆ ಹೋಗಿಲ್ಲ. ಪನಾಮಾ ಕಾಲುವೆಯಲ್ಲಿ ಹಿಡಿಸದಷ್ಟು ದೊಡ್ಡ ಹಡಗಿನಲ್ಲಿ ಒಂದು ಡಿಸೆಂಬರ್ ಕೇಪ್ ಹಾರ್ನ್ ಸುತ್ತಿದ್ದೇನೆ. 56 ಡಿಗ್ರಿ ದಕ್ಷಿಣ. ಮಧ್ಯರಾತ್ರಿಯ ಕಾವಲು ಪಾಳಿಯಲ್ಲೂ ದಕ್ಷಿಣದ ಕಡೆ ತೆಳು ಬೆಳಕು, ದಿಗಂತದ ಗೆರೆ ಕಾಣುತ್ತಿತ್ತು. ವಿಡಿಯೊದ ನಕ್ಷೆಯ ಪ್ರಕಾರ ಮಧ್ಯರಾತ್ರಿ ಕೇಪ್ ಹಾರ್ನ್‌ಗೆ ಸೂರ್ಯ, ಮಂಗಳೂರಿಗೆ ಅಲ್ಲಿನ ಮಧ್ಯರಾತ್ರಿಯಲ್ಲಿ ಇರುವುದಕ್ಕಿಂತಲೂ ದೂರ. ಹಾಗಿದ್ದರೆ ಕಗ್ಗತ್ತಲೆ ಇರಬೇಕಿತ್ತು, ಅಲ್ವಾ? 2024ರ ಡಿಸೆಂಬರಿನಲ್ಲಿ ಚಪ್ಪಟೆ ಭೂಮಿ ನಂಬುವ ಕೆಲವರನ್ನು ಅಂಟಾರ್ಕ್ಟಿಕಾದ ಯೂನಿಯನ್ ಗ್ಲೇಸಿಯರ್‌ಗೇ ಕರೆದುಕೊಂಡು ಹೋಗಿದ್ದರು. ಮುಳುಗದೆ ಸುತ್ತುವ ಸೂರ್ಯನನ್ನು ನೋಡಿ, ಅವರಲ್ಲಿ ಒಬ್ಬರು ತಮ್ಮ ನಂಬಿಕೆ ತಪ್ಪಿತ್ತು ಎಂದು ಕ್ಯಾಮೆರಾ ಮುಂದೆಯೇ ಒಪ್ಪಿಕೊಂಡರು. ಅದಕ್ಕೆ ಧೈರ್ಯ ಬೇಕು. ಅಳಿಸದೆ ಗೆರೆ ಎಳೆದು ಸಹಿ ಹಾಕಿದ ಹಾಗೆ ಅದು.

ಹುಡುಗಿಗೆ ನನ್ನ ಮಾತನ್ನೂ ನಂಬಬೇಡ ಎಂದೆ. ಡಿಸೆಂಬರ್ 21ಕ್ಕೆ ತಾರಸಿಯ ಮೇಲೆ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸು. ಮಂಗಳೂರಿನಲ್ಲಿ ಹನ್ನೆರಡೂವರೆ ಹೊತ್ತಿಗೆ ನೆರಳು ಅತಿ ಗಿಡ್ಡವಾಗುತ್ತದೆ, ಆಗ ಅಳೆ. ನನ್ನ ಲೆಕ್ಕದಲ್ಲಿ 73 ಸೆಂಟಿಮೀಟರ್. ಅದೇ ದಿನ ದೆಹಲಿಯಲ್ಲಿ ನಿನ್ನ ಅಣ್ಣ ಅಳೆದರೆ 128. ಎರಡನ್ನೂ ಬರೆದಿಟ್ಟುಕೊಂಡು ಫೋನ್ ಮಾಡು ಎಂದೆ. ಪೆನ್ನಿನಲ್ಲೇ ಬರೆಯುತ್ತೇನೆ ಎಂದಿದ್ದಾಳೆ.