ಅಲಾರಾಂ ಎಷ್ಟು ಮಿಲಿಲೀಟರಿಗೆ? ಮೂತ್ರ ಸೋರಿಕೆ ಮತ್ತು ಮೈಮೇಲಿನ ಸೆನ್ಸರ್

ಮುಂಬಯಿಯ ಲೋಕಲ್ ರೈಲುಗಳಲ್ಲಿ ಶೌಚಾಲಯವಿಲ್ಲ. ದೂರದ ಉಪನಗರ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹಿಡಿದರೂ ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣ ಮುಟ್ಟಲು ಹೆಚ್ಚುಕಡಿಮೆ ಒಂದು ತಾಸು ಬೇಕು. ಮೂತ್ರ ತಡೆದುಕೊಳ್ಳಲಾಗದ ಎಷ್ಟೋ ಮಂದಿ ಇದಕ್ಕಾಗಿ ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಈ ಉಪಾಯ ತಿರುಗುಬಾಣವಾಗುತ್ತದೆ. ನೀರು ಕಡಿಮೆಯಾದಾಗ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ. ಮಲಬದ್ಧತೆಯೂ ಸೇರಿದರೆ ಅವಸರ ಇನ್ನಷ್ಟು ಹೆಚ್ಚುತ್ತದೆ. ಮೈಮೇಲೆ ಧರಿಸುವ ಸೆನ್ಸರ್‌ಗಳು ಇಂಥಲ್ಲಿ ನಿಜವಾಗಿ ನೆರವಾಗಬಲ್ಲವು. ಆದರೆ ಪೆಟ್ಟಿಗೆಯಿಂದ ತೆಗೆದು ಹಾಗೇ ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಮೂತ್ರಕೋಶ ಎಷ್ಟು ತುಂಬಿದೆ ಎಂದು ಯಂತ್ರ ಹೇಳುತ್ತದೆ. ಶೌಚಾಲಯ ಎಷ್ಟು ದೂರವಿದೆ ಎಂದು ಅದಕ್ಕೆ ತಿಳಿಯದು. ಆ ಲೆಕ್ಕ ನಾವೇ ಹಾಕಬೇಕು.

ಜಪಾನಿನ ಡಿಫ್ರೀ ಈ ಬಗೆಯ ಹೆಸರಾದ ಸಾಧನ. ಇದು ನಂಬಿಕೊಂಡಿರುವುದು ಅಲ್ಟ್ರಾಸೌಂಡ್ ತತ್ತ್ವವನ್ನು. ಕಿಬ್ಬೊಟ್ಟೆಗೆ ಅಂಟಿಸಿದ ಸೆನ್ಸರ್ ಕಿವಿಗೆ ಕೇಳದ ಧ್ವನಿತರಂಗವನ್ನು ಒಳಗೆ ಕಳಿಸುತ್ತದೆ. ಮೂತ್ರಕೋಶದ ಮುಂಗೋಡೆಯಿಂದ ಒಂದು ಪ್ರತಿಧ್ವನಿ, ಹಿಂಗೋಡೆಯಿಂದ ಇನ್ನೊಂದು ಬರುತ್ತದೆ. ದೇಹದ ಮೆದು ಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಗೋಡೆಗಳ ನಡುವೆ 6 ಸೆಂ.ಮೀ. ಅಂತರವಿದ್ದರೆ ಎರಡು ಪ್ರತಿಧ್ವನಿಗಳ ನಡುವೆ ಸುಮಾರು 78 ಮೈಕ್ರೋಸೆಕೆಂಡ್ ಸಂದು. ಈ ಸಂದು ಹಿಗ್ಗಿದಂತೆ ಮೂತ್ರಕೋಶ ತುಂಬುತ್ತಿದೆ ಎಂದರ್ಥ. ಆಸ್ಪತ್ರೆಯ ಸ್ಕ್ಯಾನ್ ಉದ್ದ, ಅಗಲ, ಎತ್ತರ ಮೂರನ್ನೂ ಅಳೆದು ಗುಣಿಸಿ 0.52ರಿಂದ ಮತ್ತೆ ಗುಣಿಸಿ ಗಾತ್ರ ಹೇಳುತ್ತದೆ. ಪುಟ್ಟ ಸೆನ್ಸರ್‌ಗೆ ಅಷ್ಟು ನೋಟವಿಲ್ಲ, ಅದು ಕೊಡುವುದು ಅಂದಾಜು ಮಟ್ಟವನ್ನು ಮಾತ್ರ.

ಅಂಟಿಸುವ ಜಾಗದಲ್ಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಹೊಕ್ಕುಳಿಂದ ನೇರ ಕೆಳಗೆ ಬೆರಳೊತ್ತುತ್ತ ಹೋದರೆ ಗಟ್ಟಿ ಎಲುಬು ಸಿಗುತ್ತದೆ. ಅದರಿಂದ ಒಂದು ಬೆರಳಗಲ ಮೇಲೆ, ಸರಿಯಾಗಿ ನಡುಗೆರೆಯಲ್ಲಿ ಸೆನ್ಸರ್ ಕೂರಬೇಕು. ಕೆಳಗೆ ಜಾರಿದರೆ ಎಲುಬು ಧ್ವನಿಯನ್ನು ತಡೆಯುತ್ತದೆ, ಮೇಲೆ ಹೋದರೆ ಕರುಳಿನೊಳಗಿನ ಗಾಳಿ ಅಡ್ಡಬರುತ್ತದೆ. ಚರ್ಮಕ್ಕೂ ಸೆನ್ಸರ್‌ಗೂ ನಡುವೆ ಜೆಲ್ ಬೇಕೇ ಬೇಕು. ಗಾಳಿಯ ತೆಳ್ಳನೆಯ ಪದರವಿದ್ದರೂ ಅಲ್ಟ್ರಾಸೌಂಡ್ ಬಹುಪಾಲು ಅಲ್ಲಿಂದಲೇ ಹಿಂತಿರುಗುತ್ತದೆ. ಎಸಿ ಆಫೀಸಿನಲ್ಲಿ ಜೆಲ್ ಒಣಗುತ್ತದೆ, ಮೇ ತಿಂಗಳ ಬೆವರಿನಲ್ಲಿ ಅಂಟುಪಟ್ಟಿ ಬಿಡುತ್ತದೆ. ಸೀರೆಯ ನೆರಿಗೆ ಸಿಕ್ಕಿಸುವಾಗಲೂ ಪ್ಯಾಂಟಿನ ಬೆಲ್ಟ್ ಬಿಗಿಯುವಾಗಲೂ ಸೆನ್ಸರ್ ಓರೆಯಾಗುವುದುಂಟು, ಉಟ್ಟುಕೊಂಡ ಮೇಲೆ ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕು. ಹೊಟ್ಟೆಯ ದಪ್ಪ ಕೊಬ್ಬು ಮತ್ತು ಸಿಸೇರಿಯನ್ ಗಾಯದ ಕಲೆ ಪ್ರತಿಧ್ವನಿಯನ್ನು ಮಂಕಾಗಿಸುತ್ತವೆ. ಇನ್ನೊಂದು ಮಿತಿ ದೇಹರಚನೆಯದೇ: ಕಡಿಮೆ ತುಂಬಿದ ಮೂತ್ರಕೋಶ ಎಲುಬಿನ ಹಿಂದೆ ಅಡಗಿರುತ್ತದೆ, ಆದ್ದರಿಂದ ಕೆಳಮಟ್ಟದ ಅಂಕಿಗಳನ್ನು ಹೆಚ್ಚು ನಂಬುವಂತಿಲ್ಲ.

ಇನ್ನು ಲೆಕ್ಕ. ಮೂರು ದಿನ 500 ಮಿ.ಲೀ. ಗುರುತಿರುವ ಅಳತೆ ಜಗ್ಗಿನಲ್ಲಿ ಪ್ರತಿ ಸಲ ಒಂದಕ್ಕೆ ಹೋದದ್ದನ್ನು ಅಳೆದು, ಸಮಯ, ಕುಡಿದದ್ದು, ಸೋರಿದ್ದು, ಆಗ ಸೆನ್ಸರ್ ತೋರಿಸಿದ ಮಟ್ಟ ಎಲ್ಲವನ್ನೂ ಬರೆದಿಡಿ. ಬೇಸರದ ಕೆಲಸ, ಆದರೆ ಇದಿಲ್ಲದೆ ಸಾಧನಕ್ಕೆ ನಿಮ್ಮ ದೇಹದ ಪರಿಚಯವಾಗದು. ತಡೆಯಲಾಗದ ಅವಸರ 300 ಮಿ.ಲೀ.ಗೆ ಬರುತ್ತದೆ ಎಂದು ಕಂಡಿತೆನ್ನಿ. ಸಾಮಾನ್ಯವಾಗಿ ನಿಮಿಷಕ್ಕೆ 1ರಿಂದ 2 ಮಿ.ಲೀ. ಮೂತ್ರ ಸೇರುತ್ತದೆ. ಶೌಚಾಲಯಕ್ಕೆ, ಸಾಲನ್ನೂ ಸೇರಿಸಿ, 40 ನಿಮಿಷ ಬೇಕಾದರೆ 1.5ರಂತೆ 60 ಮಿ.ಲೀ. ಕಳೆಯಿರಿ. ಸೆನ್ಸರ್ ತಪ್ಪಬಹುದೆಂದು ಇನ್ನೊಂದು 30 ಬಿಡಿ. ಅಲಾರಾಂ 210ಕ್ಕೆ, ಅಂದರೆ ನಿಮ್ಮ ಬರಹದಲ್ಲಿ ಅಷ್ಟು ಮಿ.ಲೀ.ಗೆ ಸೆನ್ಸರ್ ತೋರಿಸಿದ ಮಟ್ಟಕ್ಕೆ, ಮೊಳಗಬೇಕು. ಮನೆಯಲ್ಲಾದರೆ ಬಚ್ಚಲು ಐದು ನಿಮಿಷದೊಳಗೆ ಸಿಗುತ್ತದೆ, 260 ಸಾಕು. ಎರಡು ಲೋಟ ನೀರು, ಮೇಲೊಂದು ಫಿಲ್ಟರ್ ಕಾಫಿ ಕುಡಿದು ಹೊರಟವರಲ್ಲಿ ತುಂಬುವ ವೇಗ ನಿಮಿಷಕ್ಕೆ 4 ಮಿ.ಲೀ. ಮುಟ್ಟಬಹುದು, ಆಗ 40 ನಿಮಿಷಕ್ಕೆ 160 ಬೇಕು, ಅಲಾರಾಂ 110ಕ್ಕೇ ಇಡಬೇಕಾಗುತ್ತದೆ. ಅಷ್ಟು ಕೆಳಗೆ ಸೆನ್ಸರ್ ಸರಿಯಾಗಿ ಓದುವುದಿಲ್ಲ. ಹಾಗಾಗಿ ಕಾಫಿಯನ್ನು ಆಫೀಸು ಮುಟ್ಟಿದ ಮೇಲೆ ಕುಡಿಯುವುದೇ ಲೇಸು, ನೀರನ್ನು ಬಿಡಬಾರದು, ಹೊತ್ತು ಬದಲಿಸಬೇಕು ಅಷ್ಟೆ.

ಎಲ್ಲ ಸೋರಿಕೆಗೂ ಈ ಸಾಧನ ಹೊಂದುವುದಿಲ್ಲ. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಸೋರುವವರಿಗೆ ಮುನ್ಸೂಚನೆಯಿಂದ ಅಷ್ಟಾಗಿ ಲಾಭವಿಲ್ಲ. ಅಲ್ಲಿ ಸಡಿಲವಾಗಿರುವುದು ಕಿಬ್ಬೊಟ್ಟೆಯ ತಳದ ಸ್ನಾಯು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗಲ್ 1948ರಲ್ಲಿ ಆ ಸ್ನಾಯುಗಳ ವ್ಯಾಯಾಮವನ್ನೂ ಒತ್ತಡ ಅಳೆಯುವ ಉಪಕರಣವನ್ನೂ ವಿವರಿಸಿದರು. ಇಂದಿನ ಫೋನಿಗೆ ಜೋಡಿಸುವ ಉಪಕರಣಗಳು ಅದರ ಮುಂದುವರಿಕೆ. ಒಮ್ಮೆಗೆ ಕನಿಷ್ಠ 8 ಸಲ ಬಿಗಿಹಿಡಿದು, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ಬಿಡದೆ ಮಾಡಬೇಕು. ಸ್ನಾಯುವನ್ನು ಮೇಲಕ್ಕೆಳೆಯುವ ಬದಲು ಉಸಿರುಕಟ್ಟಿ ಕೆಳಕ್ಕೆ ಮುಕ್ಕಿದರೂ ಒತ್ತಡ ಏರುತ್ತದೆ, ಪರದೆಯ ಮೇಲೆ ಒಳ್ಳೆಯ ಅಂಕ ಬೀಳುತ್ತದೆ, ಸೋರಿಕೆ ಮಾತ್ರ ಉಲ್ಬಣಿಸುತ್ತದೆ. ಮೊದಲ ಪಾಠ ಫಿಸಿಯೋಥೆರಪಿಸ್ಟ್ ಬಳಿಯೇ ಆಗಲಿ.

ಡೈಪರಿನ ಸೆನ್ಸರ್ ಇನ್ನೂ ಸರಳ. ಎರಡು ವಾಹಕ ಗೆರೆಗಳ ನಡುವೆ ಉಪ್ಪಿನಂಶವಿರುವ ಮೂತ್ರ ಹರಿದಾಗ ವಿದ್ಯುತ್ ರೋಧ ಕುಸಿದು ಬ್ಲೂಟೂತ್ ಸಂದೇಶ ಹೋಗುತ್ತದೆ. ಬೆವರಿಗೂ ಉಪ್ಪುಂಟು, ಮುಂಬಯಿ ಸೆಕೆಯಲ್ಲಿ ಸುಳ್ಳು ಅಲಾರಾಂ ಬಾರದಿರದು. ಹಾಸಿಗೆ ಹಿಡಿದವರ ಚರ್ಮ ಒದ್ದೆಯಲ್ಲಿ ನೆನೆದು ಹುಣ್ಣಾಗದಂತೆ ಕಾಯಲು ಇದು ಬಹಳ ಉಪಯೋಗಿ. ಆದರೆ ಸಂದೇಶ ಮೊದಲು ಯಾರಿಗೆ ಹೋಗಬೇಕು ಎಂಬುದನ್ನು ಸೊಸೆಯಾಗಲಿ ಮಗನಾಗಲಿ ತಾವೇ ತೀರ್ಮಾನಿಸಬಾರದು. ಮಾತಾಡಬಲ್ಲ ಅತ್ತೆಯನ್ನೋ ಮಾವನನ್ನೋ ಕೇಳಿ, ಆ ಮೇಲೆ ಫೋನಿಗೆ ಜೋಡಿಸಬೇಕು.

ಒಂದಕ್ಕೆ ಹೋಗಿಬಂದ ಕೂಡಲೇ ಸೆನ್ಸರ್ ಪದೇ ಪದೇ ಹೆಚ್ಚಿನ ಮಟ್ಟ ತೋರಿಸುತ್ತಿದ್ದರೆ ಅಲಾರಾಂ ತಿದ್ದುತ್ತ ಕೂರಬೇಡಿ. ಮೂತ್ರಕೋಶ ಪೂರ್ತಿ ಖಾಲಿಯಾಗುತ್ತಿಲ್ಲದಿರಬಹುದು: ಪ್ರಾಸ್ಟೇಟ್ ಊತ, ಸಕ್ಕರೆ ಕಾಯಿಲೆಯಿಂದ ಕುಂದಿದ ನರ, ಕೆಲವು ಔಷಧಗಳು ಹೀಗೆ ಮಾಡುತ್ತವೆ. ಉರಿ, ಜ್ವರ, ರಕ್ತ ಕಂಡರಂತೂ ಕಾಯುವಂತಿಲ್ಲ. ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆಗಳಲ್ಲಿ ಮೂತ್ರರೋಗ ವಿಭಾಗವಿದೆ. ಹೋಗುವಾಗ ಆ ಮೂರು ದಿನಗಳ ಬರಹವನ್ನೂ ತೆಗೆದುಕೊಂಡು ಹೋಗಿ.