ಹತಾಶೆಯ ಸಾವುಗಳು

ಆತ್ಮಹತ್ಯೆ ಒಂದು. ಮಾದಕ ವಸ್ತು ಇಲ್ಲವೇ ಮದ್ಯ ಮಿತಿಮೀರಿ ಮೈಗೆ ವಿಷವಾಗಿ ಬರುವ ಸಾವು ಇನ್ನೊಂದು. ವರ್ಷಗಟ್ಟಲೆ ಕುಡಿದು ಲಿವರ್ ಹಾಳಾಗಿ ಬರುವ ಸಾವು ಮತ್ತೊಂದು. ಸರ್ಕಾರಿ ದಾಖಲೆಯಲ್ಲಿ ಇವು ಬೇರೆ ಬೇರೆ ಖಾನೆಗಳು. ಮೂರನ್ನೂ ಒಟ್ಟು ಕೂಡಿಸಿದಾಗ ಸಿಗುವ ಮೊತ್ತವನ್ನು ಸಂಶೋಧಕರು ‘ಡೆತ್ಸ್ ಆಫ್ ಡೆಸ್ಪೇರ್’, ಅಂದರೆ ಹತಾಶೆಯ ಸಾವುಗಳು, ಎನ್ನುತ್ತಾರೆ.

ಹಾಗೆ ಕೂಡಿಸಿ ನೋಡಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ದಂಪತಿ ಆನ್ ಕೇಸ್ ಮತ್ತು ಆಂಗಸ್ ಡೀಟನ್. ಡೀಟನ್ ಅವರಿಗೆ ನೊಬೆಲ್ ಘೋಷಣೆಯಾದ ಮರುತಿಂಗಳು, 2015ರ ನವೆಂಬರ್‌ನಲ್ಲಿ, ಇಬ್ಬರ ಪುಟ್ಟ ಪ್ರಬಂಧವೊಂದು ಹೊರಬಂತು. ಹೆಸರು ಹುಟ್ಟಿದ್ದು ಆಮೇಲೆ. ಶ್ರೀಮಂತ ದೇಶಗಳಲ್ಲಿ ನಡುವಯಸ್ಸಿನವರ ಮರಣ ದರ ದಶಕಗಳಿಂದ ಇಳಿಯುತ್ತಲೇ ಇತ್ತು. ಅಮೆರಿಕದಲ್ಲಿ ಮಾತ್ರ 45ರಿಂದ 54 ವಯಸ್ಸಿನ ಬಿಳಿಯರ ದರ 1999ರಿಂದ 2013ರವರೆಗೆ ಏರಿತ್ತು. ಹಿಂದಿನ ವೇಗದಲ್ಲೇ ಇಳಿದಿದ್ದರೆ ಆ ಅವಧಿಯಲ್ಲಿ ಸುಮಾರು ಐದು ಲಕ್ಷ ಜನ ಬದುಕಿರುತ್ತಿದ್ದರು. ಏರಿಕೆಯ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಮೇಲೆ ಹೇಳಿದ ಮೂರು ಕಾರಣ. ಅದೂ ಹೆಚ್ಚಾಗಿ ಕಾಲೇಜು ಮೆಟ್ಟಿಲು ಹತ್ತದವರಲ್ಲಿ.

ಬಡತನವೇ ಇದಕ್ಕೆಲ್ಲ ಮೂಲ ಎಂದು ಹೇಳಿ ಮುಗಿಸುವವರಿದ್ದಾರೆ. ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ. ಬಿಳಿಯರಿಗಿಂತ ಬಡವರಾದ ಕಪ್ಪು ಅಮೆರಿಕನ್ನರಲ್ಲಿ ಆ ವರ್ಷಗಳಲ್ಲಿ ಮರಣ ದರ ಇಳಿಯುತ್ತಿತ್ತು (ಆಗಲೂ ಅದು ಬಿಳಿಯರದಕ್ಕಿಂತ ಮೇಲೆಯೇ ಇತ್ತು, ಈ ಮಾತನ್ನು ಹಲವರು ಮರೆಯುತ್ತಾರೆ). 2008ರ ಆರ್ಥಿಕ ಕುಸಿತದಿಂದಲೂ ಏರಿಕೆಯ ದಿಕ್ಕು ಬದಲಾಗಲಿಲ್ಲ. ಕೇಸ್ ಮತ್ತು ಡೀಟನ್ ಹೇಳುವುದು ಕೈಯಲ್ಲಿರುವ ದುಡ್ಡಿನ ಮಾತಲ್ಲ, ಮೂರು ನಾಲ್ಕು ದಶಕಗಳಲ್ಲಿ ಒಂದೊಂದಾಗಿ ಕಳಚಿಬಿದ್ದ ಆಸರೆಗಳ ಮಾತು. ಹೈಸ್ಕೂಲು ಮುಗಿಸಿದವನಿಗೆ ಕಾರ್ಖಾನೆಯ ಕೆಲಸವಿತ್ತು. ಅದರ ಜೊತೆಗೆ ಯೂನಿಯನ್ನು, ಆರೋಗ್ಯ ವಿಮೆ, ಮದುವೆಯಾಗಿ ನೆಲೆ ನಿಲ್ಲುವ ಧೈರ್ಯ ಎಲ್ಲವೂ ಬರುತ್ತಿತ್ತು. ಕೆಲಸ ಹೋದಾಗ ಇವೂ ಹೋದವು. ಅಥೀಂದರ್ ವೆಂಕಟರಮಣಿ ಮತ್ತು ಸಂಗಡಿಗರ 2020ರ ಅಧ್ಯಯನವೊಂದು ಕಾರು ಕಾರ್ಖಾನೆ ಮುಚ್ಚಿದ ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ಮುಚ್ಚದ ಕಡೆಗಳೊಂದಿಗೆ ಹೋಲಿಸಿತು. ಐದು ವರ್ಷಗಳ ನಂತರ ಮುಚ್ಚಿದ ಕಡೆ ಓಪಿಯಾಯ್ಡ್, ಅಂದರೆ ಅಫೀಮಿನ ಬಳಗದ ನೋವುನಿವಾರಕಗಳ, ಅತಿಸೇವನೆಯ ಸಾವು ಶೇ 85ರಷ್ಟು ಹೆಚ್ಚಿತ್ತು.

ಆದರೆ ಕಾರ್ಖಾನೆಗಳು ಯುರೋಪಿನಲ್ಲೂ ಮುಚ್ಚಿದವಲ್ಲ? ಅಲ್ಲಿ ಬಹುತೇಕ ಕಡೆ ಈ ಪ್ರಮಾಣದ ಅನಾಹುತ ಆಗಲಿಲ್ಲ. ವಿಮರ್ಶಕರ ಗಟ್ಟಿ ಪ್ರಶ್ನೆ ಇದೇ. ಅವರು ಬೆರಳು ತೋರುವುದು ಓಪಿಯಾಯ್ಡ್ ಕಡೆಗೆ. ಅದರಲ್ಲೊಂದಾದ ಆಕ್ಸಿಕಾಂಟಿನ್ 1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಬೆನ್ನುನೋವಿಗೂ ವೈದ್ಯರು ಬರೆದುಕೊಟ್ಟರು. ಚಟ ಹತ್ತುವ ಅಪಾಯವನ್ನು ಮರೆಮಾಚಿ ಮಾರಿದ್ದಕ್ಕೆ ಅದರ ತಯಾರಕರಾದ ಪರ್ಡ್ಯೂ ಕಂಪನಿ ಬಳಗ 2007ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಚಟ ಬೇರೂರಿತ್ತು. ಮಾತ್ರೆ ಸಿಗುವುದು ಕಷ್ಟವಾದಾಗ ಜನ ಹೆರಾಯಿನ್‌ಗೆ ಇಳಿದರು, ಅದರ ಹಿಂದೆಯೇ ಇನ್ನೂ ಪ್ರಬಲವಾದ ಕೃತಕ ಓಪಿಯಾಯ್ಡ್ ಫೆಂಟನಿಲ್ ಬಂತು. 2021ರ ಒಂದೇ ವರ್ಷದಲ್ಲಿ ಅತಿಸೇವನೆಯಿಂದ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ರೂಮ್ ವಾದಿಸುವಂತೆ, ಊರಿನ ಆರ್ಥಿಕ ಸ್ಥಿತಿಗಿಂತ ಯಾವ ಮಾದಕ ವಸ್ತು ಎಷ್ಟು ಸುಲಭವಾಗಿ ಕೈಗೆ ಸಿಗುತ್ತದೆ ಎನ್ನುವುದೇ ಈ ಸಾವುಗಳನ್ನು ಹೆಚ್ಚು ವಿವರಿಸುತ್ತದೆ. ಫೆಂಟನಿಲ್ ಬಂದ ಮೇಲೆ ಕಪ್ಪು ಅಮೆರಿಕನ್ನರಲ್ಲೂ ಮೂಲನಿವಾಸಿಗಳಲ್ಲೂ ಸಾವು ಏರಿ, ‘ಬಿಳಿಯರ ಸಂಕಟ’ ಎಂಬ ಹಣೆಪಟ್ಟಿ ಹಳತಾಯಿತು. 2024ರಲ್ಲಿ ಅತಿಸೇವನೆಯ ಸಾವು ಸುಮಾರು 80 ಸಾವಿರಕ್ಕೆ ಇಳಿಯಿತು. ಮುಚ್ಚಿದ ಕಾರ್ಖಾನೆಗಳೇನೂ ಮತ್ತೆ ಬಾಗಿಲು ತೆರೆದಿರಲಿಲ್ಲ.

ನನಗೆ ಕಾಣುವಂತೆ ಈ ಪರಿಕಲ್ಪನೆಯ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ಹತಾಶೆ ಯಾವ ಮರಣ ಪ್ರಮಾಣಪತ್ರದಲ್ಲೂ ನಮೂದಾಗುವುದಿಲ್ಲ. ಎಣಿಸಿದ್ದು ಸಾವುಗಳನ್ನು, ಹತಾಶೆ ಎಂಬುದು ಅದರಿಂದ ಮಾಡಿದ ಊಹೆ. ಆದರೂ ಒಬ್ಬೊಬ್ಬರ ದೌರ್ಬಲ್ಯ, ದುಶ್ಚಟ ಎಂದು ಬದಿಗೆ ಸರಿಸುತ್ತಿದ್ದ ಸಾವುಗಳನ್ನು ಆ ಊಹೆ ಸಾರ್ವಜನಿಕ ಆರೋಗ್ಯದ ಲೆಕ್ಕಕ್ಕೆ ತಂದಿತು.

ಭಾರತದ ರೈತ ಆತ್ಮಹತ್ಯೆಗೂ ಈ ಹೆಸರನ್ನು ಅಂಟಿಸುವ ಮುನ್ನ ತುಸು ನಿಲ್ಲಬೇಕು. ನಮ್ಮಲ್ಲಿ ಪೊಲೀಸ್ ದಾಖಲೆಯಿಂದ ಆತ್ಮಹತ್ಯೆಯ ಲೆಕ್ಕ ಸಿಗುತ್ತದೆ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಪ್ರಕಾರ 2022ರಲ್ಲಿ 1,70,924 ಮಂದಿ, ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ದಿನಗೂಲಿಯವರು. ಆದರೆ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು ಕಾಲುಭಾಗಕ್ಕಿಂತಲೂ ಕಡಿಮೆ. ಕುಡಿತದಿಂದ ಲಿವರ್ ಹೋಗಿ ಮನೆಯಲ್ಲೇ ಸತ್ತ ಕೂಲಿಕಾರ ಎಷ್ಟೋ ಸಲ ಯಾವ ಖಾನೆಗೂ ಸೇರುವುದಿಲ್ಲ. ಮೂರನ್ನು ಕೂಡಿಸಲು ಮೂರೂ ಸಿಗಬೇಕಷ್ಟೆ.

ಓದುತ್ತಿರುವ ನಿಮಗೋ ನಿಮ್ಮವರಿಗೋ ಬದುಕು ಸಾಕೆನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಮೆರಿಕದಲ್ಲಿರುವವರಿಗೆ ಇಂಥದೇ ಸಂಖ್ಯೆ 988.