ಬೀಳುವುದು ಅಗ್ಗವಾಗಿರಬೇಕು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯಷ್ಟು ನಮ್ಮ ಕಲಿಕೆಗೆ ಅಡ್ಡ ನಿಂತ ಮಾತು ಇನ್ನೊಂದಿಲ್ಲ. ನಲವತ್ತು ದಾಟಿದವರು ಈಜನ್ನೋ ತಬಲಾವನ್ನೋ ಹೊಸ ಭಾಷೆಯನ್ನೋ ಕಲಿಯಲು ಹೊರಡುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಈ ಗಾದೆ ನೆನಪಾಗುತ್ತದೆ. ಮಕ್ಕಳ ಮಿದುಳು ಎಳೆಯದು, ನಮ್ಮದು ಬಲಿತದ್ದು, ಆದ್ದರಿಂದ ಅವರಿಗೆ ಬಂದಂತೆ ನಮಗೆ ಬರುವುದಿಲ್ಲ ಎಂದು ಹೇಳಿ ಎದ್ದುಬಿಡುತ್ತಾರೆ. ಇದರಲ್ಲಿ ಸ್ವಲ್ಪ ನಿಜವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಉಳಿದದ್ದು ಲೆಕ್ಕ ಹಾಕದೆ ಆಡುವ ಮಾತು.

ಲೆಕ್ಕ ಹಾಕಿದವರಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮತ್ತು ಅವರ ತಂಡ, ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳನ್ನು ಆಟದ ಕೋಣೆಯಲ್ಲಿ ತಮ್ಮ ಪಾಡಿಗೆ ಬಿಟ್ಟು, ವಿಡಿಯೊ ಮಾಡಿ, ಒಂದೊಂದು ಹೆಜ್ಜೆಯನ್ನೂ ಎಣಿಸಿತು. 2012ರಲ್ಲಿ ಪ್ರಕಟವಾದ ಆ ಎಣಿಕೆಯ ಪ್ರಕಾರ ನಡೆಯಲು ಕಲಿಯುತ್ತಿರುವ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 701 ಮೀಟರ್ ಕ್ರಮಿಸುತ್ತದೆ, 17 ಬಾರಿ ಬೀಳುತ್ತದೆ. ದಿನಕ್ಕೆ ಆರು ಗಂಟೆ ಓಡಾಡಿತು ಎಂದುಕೊಂಡರೆ 14,000 ಹೆಜ್ಜೆ, ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ, ನೂರು ಬೀಳು. ಅದೂ ಒಂದು ದಿನವಲ್ಲ, ತಿಂಗಳುಗಟ್ಟಲೆ. ವಾರಕ್ಕೆ ಎರಡು ಸಂಜೆ ಅರ್ಧರ್ಧ ಗಂಟೆ ಅಭ್ಯಾಸ ಮಾಡಿ, ಬರಲಿಲ್ಲವೆಂದು ಮಿದುಳನ್ನು ದೂರುವವರು ಮೊದಲು ಈ ಪ್ರಮಾಣವನ್ನು ತಮ್ಮ ಪ್ರಮಾಣದ ಪಕ್ಕದಲ್ಲಿಟ್ಟು ನೋಡಬೇಕು.

ಗಂಟೆಗೆ 17 ಎಂಬ ಸಂಖ್ಯೆ ಇನ್ನೊಂದು ಕಾರಣಕ್ಕೂ ಮುಖ್ಯ. ಮಗು ಪದೇ ಪದೇ ಬಿದ್ದರೆ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವ ಮನೆಗಳು ಇಂದಿಗೂ ಬೇಕಾದಷ್ಟಿವೆ. ಬೀಳುವುದು ಆ ವಯಸ್ಸಿನ ಕೆಲಸ. ಅದಕ್ಕೆ ಯಾರ ಕಣ್ಣೂ ಬೇಕಾಗಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಹೆಚ್ಚು ಬೀಳತೊಡಗಿದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ನಿವಾಳಿಸಿ ಸಮಾಧಾನಪಟ್ಟುಕೊಳ್ಳುವ ಮನೆಯಲ್ಲಿ ತಪ್ಪಿಹೋಗುವುದು ಇಂಥ ಮಗುವೇ ಎಂಬುದು ನನ್ನ ಆತಂಕ.

ಈಗ ಒಂದು ಒಗಟು. ಅಂಬೆಗಾಲಿನಲ್ಲಿ ಪಳಗಿದ ಮಗು ಮನೆಯೆಲ್ಲ ಸುತ್ತುತ್ತದೆ, ಹೊಸ್ತಿಲು ದಾಟುತ್ತದೆ, ಬೇಕಾದದ್ದನ್ನು ಹಿಡಿಯುತ್ತದೆ. ಅಷ್ಟು ಚೆನ್ನಾಗಿ ಬರುವ ವಿದ್ಯೆಯನ್ನು ಬಿಟ್ಟು, ಎರಡು ಹೆಜ್ಜೆಗೊಮ್ಮೆ ತೂರಾಡುವ ಹೊಸ ವಿದ್ಯೆಗೆ ಅದು ಯಾಕೆ ಕೈ ಹಾಕುತ್ತದೆ? ಅಡಾಲ್ಫ್ ತಂಡ ಇದನ್ನೂ ಅಳೆಯಿತು. ಹೊಸದಾಗಿ ನಡೆಯುವ ಮಕ್ಕಳು ಗಂಟೆಗೆ ಬೀಳುವ ಲೆಕ್ಕದಲ್ಲಿ ಅಂಬೆಗಾಲಿನ ಮಕ್ಕಳಿಗಿಂತ ಮುಂದಿದ್ದರು. ಆದರೆ ಅವರು ಹೆಚ್ಚು ಹೊತ್ತು, ಹೆಚ್ಚು ದೂರ, ಹೆಚ್ಚು ಬೇಗ ಓಡಾಡುತ್ತಿದ್ದರು. ಓಡಾಟದ ಪ್ರಮಾಣವನ್ನು ಸೇರಿಸಿ ನೋಡಿದಾಗ ಬೀಳುವ ದರದಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಮಗು ನಷ್ಟವನ್ನೇನೂ ಮಾಡಿಕೊಳ್ಳಲಿಲ್ಲ. ಅದೇ ದರದಲ್ಲಿ ಹೆಚ್ಚು ಜಗತ್ತು ಸಿಕ್ಕಿತು. ದೊಡ್ಡವರು ಬಿದ್ದ ಸಲಗಳನ್ನಷ್ಟೇ ಎಣಿಸುತ್ತೇವೆ, ಕ್ರಮಿಸಿದ ದೂರವನ್ನು ಎಣಿಸುವುದಿಲ್ಲ. ಹೊಸ ಭಾಷೆಯಲ್ಲಿ ಒಂದು ಸಂಜೆ ಹತ್ತು ತಪ್ಪು ಮಾಡಿದೆನೆಂದು ಕೊರಗುವವರು ಆ ಸಂಜೆ ಇನ್ನೂರು ವಾಕ್ಯ ಆಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಗುವಿಗೆ ಭಯವೇ ಇಲ್ಲ, ಅದಕ್ಕೇ ಕಲಿಯುತ್ತದೆ ಎಂಬ ಮಾತನ್ನೂ ಕೈಬಿಡಬೇಕು. 1997ರಲ್ಲಿ ಅಡಾಲ್ಫ್ ಇಳಿಜಾರುಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಕೋನ ಬದಲಾಯಿಸಬಹುದಾದ ಹಲಗೆಯ ಮೇಲೆ ಮಕ್ಕಳನ್ನು ಬಿಟ್ಟು, ಬಿದ್ದರೆ ಹಿಡಿಯಲು ಒಬ್ಬರು ಪಕ್ಕದಲ್ಲೇ ಇರುತ್ತಿದ್ದರು. ಹೊಸದಾಗಿ ಅಂಬೆಗಾಲಿಡುವ ಮಗು ಎಂಥ ಕಡಿದಾದ ಇಳಿಜಾರಿಗೂ ತಲೆಮುಂದಾಗಿ ನುಗ್ಗುತ್ತದೆ. ವಾರಗಳು ಕಳೆದಂತೆ ಅದಕ್ಕೆ ಅಂದಾಜು ಸಿಗುತ್ತದೆ: ಇದು ಇಳಿಯಬಹುದಾದದ್ದು, ಇದು ಆಗದ್ದು. ಆಗದಿದ್ದಲ್ಲಿ ನಿಲ್ಲುತ್ತದೆ, ಇಲ್ಲವೇ ಬೇರೆ ಭಂಗಿಯಲ್ಲಿ ಜಾರಿ ಇಳಿಯುತ್ತದೆ. ಇಲ್ಲಿಯವರೆಗೆ ಯಾರೂ ಊಹಿಸಬಹುದು. ಅದೇ ಮಗು ನಡೆಯತೊಡಗಿದಾಗ ಈ ಅಂದಾಜೆಲ್ಲ ಮಾಯವಾಗುತ್ತದೆ. ಮತ್ತೆ ಕಡಿದಾದ ಇಳಿಜಾರಿಗೆ ನುಗ್ಗುತ್ತದೆ, ಮತ್ತೆ ಮೊದಲಿನಿಂದ ಕಲಿಯುತ್ತದೆ. ಅಂಬೆಗಾಲಿನಲ್ಲಿ ಕೂರಿಸಿದರೆ ಜಾಣತನದಿಂದ ಇಳಿಯುವ ಮಗುವನ್ನು ಅದೇ ಇಳಿಜಾರಿನ ತುದಿಯಲ್ಲಿ ನಿಲ್ಲಿಸಿದರೆ ಕಾಲಿಟ್ಟು ಉರುಳುತ್ತದೆ. ಮಗು ಕಲಿತದ್ದು 'ಇಳಿಜಾರು ಅಪಾಯ' ಎಂಬ ಭಯವನ್ನಲ್ಲ. ಈ ದೇಹದಿಂದ, ಈ ಭಂಗಿಯಲ್ಲಿ, ಈಗ ಏನು ಸಾಧ್ಯ ಎಂಬುದನ್ನು. ಭಂಗಿ ಬದಲಾದಾಗ ಅದು ಅನನುಭವಿ. ಆ ಅನನುಭವವನ್ನು ಅದು ಅವಮಾನವೆಂದು ಎಣಿಸುವುದಿಲ್ಲ, ಅಷ್ಟೇ. ಇಪ್ಪತ್ತು ವರ್ಷ ಕಚೇರಿಯಲ್ಲಿ ಹಿರಿಯರಾಗಿದ್ದವರು ಈಜುಕೊಳದಲ್ಲಿ ಹತ್ತು ವರ್ಷದ ಹುಡುಗನ ಮುಂದೆ ನೀರು ಕುಡಿಯಲು ಒಪ್ಪದಿರುವುದಕ್ಕೂ ಮಿದುಳು ಬಲಿತಿರುವುದಕ್ಕೂ ಸಂಬಂಧವಿಲ್ಲ.

ನನಗೆ ಅತ್ಯಂತ ಪ್ರಿಯವಾದ ಪ್ರಯೋಗಗಳು ಇದಕ್ಕಿಂತ ಹಳೆಯವು. ಈಗಷ್ಟೇ ಹುಟ್ಟಿದ ಮಗುವನ್ನು ಕಂಕುಳಲ್ಲಿ ಹಿಡಿದು ಪಾದಗಳನ್ನು ಮೇಜಿಗೆ ತಾಗಿಸಿದರೆ ಅದು ಒಂದಾದ ಮೇಲೊಂದು ಕಾಲೆತ್ತಿ ಹೆಜ್ಜೆ ಹಾಕುವಂತೆ ಮಾಡುತ್ತದೆ. ಸುಮಾರು ಎರಡು ತಿಂಗಳಿಗೆ ಈ ಹೆಜ್ಜೆ ನಿಂತುಹೋಗುತ್ತದೆ. ನಿಜವಾದ ನಡಿಗೆ ಬರುವುದು ಎಷ್ಟೋ ತಿಂಗಳ ನಂತರ. ಯಾಕೆ? ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಮಕ್ಕಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಯಾವ ತಿಂಗಳಿಗೆ ಏನು ಎಂಬ ಪಟ್ಟಿಗಳನ್ನು ಸಿದ್ಧಪಡಿಸಿದ್ದರು. ಮಿದುಳಿನೊಳಗಿನ ಗಡಿಯಾರ ಬಿಚ್ಚಿಕೊಂಡಂತೆ ಮಗು ಬೆಳೆಯುತ್ತದೆ ಎಂಬ ನಂಬಿಕೆ ಆಗ ಬೇರೂರಿತು. ಆ ನಂಬಿಕೆಯ ಪ್ರಕಾರ ಉತ್ತರ ಸುಲಭ: ಮಿದುಳಿನ ಹೊರಪದರ ಬಲಿತು ಹಳೆಯ ಪ್ರತಿವರ್ತನೆಯನ್ನು ಅದುಮುತ್ತದೆ.

1980ರ ದಶಕದಲ್ಲಿ ಎಸ್ತರ್ ಥೆಲೆನ್ ಎಂಬ ಅಮೆರಿಕದ ವಿಜ್ಞಾನಿ ಒಂದು ಸರಳ ಸಂಗತಿಯನ್ನು ಗಮನಿಸಿದರು. ಹೆಜ್ಜೆ ನಿಲ್ಲಿಸಿದ ಅದೇ ಮಗುವನ್ನು ಅಂಗಾತ ಮಲಗಿಸಿದರೆ ಕಾಲು ಬಡಿಯುತ್ತದೆ. ಮೊಣಕಾಲು, ಸೊಂಟ, ಪಾದದ ಕೀಲುಗಳು ಮಡಿಯುವ ಕ್ರಮ ಹೆಜ್ಜೆಯದೇ ಕ್ರಮ. ಮಿದುಳು ಅದುಮುವುದಾದರೆ ನಿಂತಾಗ ಮಾತ್ರ ಅದುಮಿ, ಮಲಗಿದಾಗ ಬಿಟ್ಟುಕೊಡುವುದೇಕೆ? ಥೆಲೆನ್ ತೂಕ ನೋಡಿದರು. ಮೊದಲ ತಿಂಗಳುಗಳಲ್ಲಿ ಮಗುವಿನ ಕಾಲಿಗೆ ಸ್ನಾಯುವಿಗಿಂತ ಬೇಗ ಕೊಬ್ಬು ತುಂಬಿಕೊಳ್ಳುತ್ತದೆ. ಬೇಗ ತೂಕ ಹೆಚ್ಚಿಸಿಕೊಂಡ ಮಕ್ಕಳು ಹೆಜ್ಜೆ ಹಾಕುವುದು ಕಡಿಮೆಯಾಗಿತ್ತು. ಇನ್ನೂ ಹೆಜ್ಜೆ ಹಾಕುತ್ತಿದ್ದ ಮಕ್ಕಳ ಕಾಲಿಗೆ ಪುಟ್ಟ ತೂಕ ಕಟ್ಟಿದರು, ಹೆಜ್ಜೆ ಕಡಿಮೆಯಾಯಿತು. ಆಮೇಲೆ ಮಕ್ಕಳ ಕಾಲುಗಳನ್ನು ನೀರಿನಲ್ಲಿ ಮುಳುಗಿಸಿ ಹಿಡಿದರು, ಹೆಜ್ಜೆ ಹೆಚ್ಚಾಯಿತು! ಏಳು ತಿಂಗಳ ಮಕ್ಕಳನ್ನು ನಿಧಾನವಾಗಿ ಚಲಿಸುವ ಟ್ರೆಡ್‌ಮಿಲ್ ಮೇಲೆ ಹಿಡಿದಾಗ, ನೆಲದ ಮೇಲೆ ಒಂದು ಹೆಜ್ಜೆಯನ್ನೂ ಇಡದಿದ್ದವರು ಎಡ ಬಲ ಎಡ ಬಲವೆಂದು ನಡೆದರು. ಎತ್ತಿಗೆ ಶಕ್ತಿ ಇತ್ತು, ಗಾಡಿಯ ಹೊರೆ ಹೆಚ್ಚಾಗಿತ್ತು. ಗಾಡಿ ನಿಂತದ್ದನ್ನು ಕಂಡು ಎತ್ತನ್ನು ದೂರಿದಂತೆ ದಶಕಗಳ ಕಾಲ ಮಿದುಳನ್ನು ಹೊಣೆ ಮಾಡಿದ್ದರು.

ದೊಡ್ಡವರಿಗೆ ಈ ಪ್ರಯೋಗದಷ್ಟು ಉಪಯುಕ್ತವಾದದ್ದು ಬೇರೆ ಇಲ್ಲವೆಂದು ನಾನು ನಂಬಿದ್ದೇನೆ. 'ನನ್ನಿಂದಾಗದು' ಎಂದು ನಮಗೆ ಅನ್ನಿಸುವ ಬಹಳಷ್ಟು ಕಡೆ ಸಾಮರ್ಥ್ಯ ಇರುತ್ತದೆ, ಹೊರೆ ಹೆಚ್ಚಿರುತ್ತದೆ. ಆಗ ಛಲ ಹೆಚ್ಚಿಸಲು ಹೊರಡುವುದಕ್ಕಿಂತ ಹೊರೆ ಇಳಿಸುವ ದಾರಿ ಹುಡುಕಬೇಕು. ಸೈಕಲ್ ಕಲಿಯುವ ಐವತ್ತರ ಮಹಿಳೆಗೆ ಪೆಡಲ್ ಬಿಚ್ಚಿ, ಸೀಟನ್ನು ಎರಡೂ ಪಾದ ನೆಲಕ್ಕೆ ಊರುವಷ್ಟು ತಗ್ಗಿಸಿ ಕೊಟ್ಟರೆ, ತುಳಿಯುವ ಚಿಂತೆಯಿಲ್ಲದೆ ಸಮತೋಲನವೊಂದನ್ನೇ ಕಲಿಯಬಹುದು. ಧೈರ್ಯ ತುಂಬುವ ಮಾತು ಈ ಕೆಲಸ ಮಾಡಲಾರದು.

ಮಕ್ಕಳಂತೆ ಬೀಳಲು ಹೆದರಬೇಡಿ ಎಂಬ ಉಪದೇಶ ನನಗೆ ಹಿಡಿಸದಿರುವುದೂ ಇದಕ್ಕೇ. ಅದು ಭೌತಶಾಸ್ತ್ರವನ್ನು ಮರೆತ ಮಾತು. ಹತ್ತು ಕಿಲೋ ತೂಕದ ಮಗುವಿನ ಗುರುತ್ವ ಕೇಂದ್ರ ನೆಲದಿಂದ ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ; ಬಿದ್ದರೆ ನೆಲಕ್ಕೆ ತಲುಪುವ ಶಕ್ತಿ ಹೆಚ್ಚೆಂದರೆ 40 ಜೂಲ್. 65 ಕಿಲೋ ತೂಗುವ, ಗುರುತ್ವ ಕೇಂದ್ರ 90 ಸೆಂಟಿಮೀಟರ್ ಎತ್ತರದಲ್ಲಿರುವ ವಯಸ್ಕರಿಗೆ ಅದು 570 ಜೂಲ್ ದಾಟುತ್ತದೆ, ಅಂದರೆ ಹದಿನಾಲ್ಕು ಪಟ್ಟಿಗೂ ಹೆಚ್ಚು. ದೇಹ ದೊಡ್ಡದಾದಂತೆ ತೂಕ ಘನದ ಲೆಕ್ಕದಲ್ಲಿ ಏರುತ್ತದೆ, ಮೂಳೆಯ ಅಡ್ಡಕೊಯ್ತ ವರ್ಗದ ಲೆಕ್ಕದಲ್ಲಿ ಮಾತ್ರ. ಬ್ರಿಟನ್ನಿನ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲಿ ಇದನ್ನು ಮರೆಯಲಾಗದಂತೆ ವಿವರಿಸಿದ್ದರು: ಆಳದ ಗಣಿಬಾವಿಗೆ ಬಿದ್ದ ಚಿಟ್ಟಿಲಿ ಒಮ್ಮೆ ಬೆಚ್ಚಿ ನಡೆದುಹೋಗುತ್ತದೆ, ಹೆಗ್ಗಣ ಸಾಯುತ್ತದೆ, ಮನುಷ್ಯ ಮುರಿಯುತ್ತಾನೆ, ಕುದುರೆ ಚೆಲ್ಲಾಪಿಲ್ಲಿಯಾಗುತ್ತದೆ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಈ ಹಾಲ್ಡೇನ್ ನಮ್ಮ ಶಾಲೆಗಳಲ್ಲಿ ಇನ್ನಷ್ಟು ಪರಿಚಿತರಾಗಬೇಕಿತ್ತು. ಇರಲಿ. ಮಗು ಧೈರ್ಯಶಾಲಿ ಎನ್ನುವುದಕ್ಕಿಂತ ಮಗುವಿಗೆ ಬೀಳುವುದು ಅಗ್ಗ ಎನ್ನುವುದು ಸರಿ. ಬಿದ್ದ ಮಕ್ಕಳು ಅಳುವುದು ಅಪರೂಪ, ಕೆಲವೇ ಸೆಕೆಂಡುಗಳಲ್ಲಿ ಆಟಕ್ಕೆ ಮರಳುತ್ತಾರೆ ಎಂದು ಅಡಾಲ್ಫ್ ತಂಡ 2021ರಲ್ಲಿ ತೋರಿಸಿತು. ನಾವು ಅವರಂತೆ ಕಲಿಯಬೇಕಾದರೆ ನಮ್ಮ ಬೀಳುವಿಕೆಯನ್ನೂ ಅಗ್ಗ ಮಾಡಿಕೊಳ್ಳಬೇಕು. ಜೂಡೊ ಶಾಲೆಯಲ್ಲಿ ಮೊದಲ ಪಾಠ ಚಾಪೆಯ ಮೇಲೆ ಬೀಳುವುದೇ.

ಹೊರೆ ಇಳಿಸುವುದು ಬೇರೆ, ಬೀಳುವ ಅವಕಾಶವನ್ನೇ ತೆಗೆದುಹಾಕುವುದು ಬೇರೆ. ಚಕ್ರವಿರುವ, ಮಗುವನ್ನು ನಡುವೆ ಕೂರಿಸುವ ಪ್ಲಾಸ್ಟಿಕ್ ವಾಕರ್ ಎರಡನೆಯದನ್ನು ಮಾಡುತ್ತದೆ. ಅದರಲ್ಲಿ ಮಗು ತನ್ನ ಪಾದವನ್ನು ಕಾಣದು, ತೂಕವನ್ನು ಹೊರದು, ಆಯ ತಪ್ಪದು. ಬೇಗ ನಡೆಯಲೆಂದು ತಂದ ಸಾಧನ ನಡಿಗೆಯನ್ನು ತಡ ಮಾಡುತ್ತದೆಂದು 1999ರ ಒಂದು ಅಧ್ಯಯನ ಕಂಡುಕೊಂಡಿತು. ಮೆಟ್ಟಿಲಿನಿಂದ ಉರುಳಿ ಆಗುವ ಗಾಯಗಳ ಕಾರಣಕ್ಕೆ ಕೆನಡಾ 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಇವು ಇನ್ನೂ ರಾರಾಜಿಸುತ್ತಿರುವುದು ಬೇಸರದ ಸಂಗತಿ. ಮಗು ಹಿಂದೆ ನಿಂತು ತಳ್ಳುವ ಮೂರು ಚಕ್ರದ ಮರದ ಗಾಡಿ ಹಾಗಲ್ಲ. ಅಲ್ಲಿ ತೂಕ ಕಾಲಿನ ಮೇಲೇ ಇರುತ್ತದೆ, ಬೀಳುವುದಕ್ಕೂ ದಾರಿಯಿದೆ. ಪಕ್ಕದಲ್ಲಿ ದೊಡ್ಡವರಿರಬೇಕು, ಅಷ್ಟೇ. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂಬ ಅವಸರವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನೋಡಿದಾಗ, ಆರೋಗ್ಯವಂತ ಮಕ್ಕಳು ಒಂಟಿಯಾಗಿ ನಡೆಯಲು ತೊಡಗುವ ವಯಸ್ಸು 8.2ರಿಂದ 17.6 ತಿಂಗಳವರೆಗೆ ಹರಡಿತ್ತು.

ಮಗುವಿನ ಓಡಾಟಕ್ಕೆ ಇನ್ನೊಂದು ಗುಣವಿದೆ: ಅದು ಎಷ್ಟೋ ಸಲ ಎಲ್ಲಿಗೂ ಹೋಗುತ್ತಿರುವುದಿಲ್ಲ. ಎರಡು ಹೆಜ್ಜೆ ಇಟ್ಟು ನಿಲ್ಲುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಹಿಂದೆ ನಡೆಯುತ್ತದೆ, ಸುತ್ತು ಹಾಕುತ್ತದೆ. ಇದು ವ್ಯರ್ಥವೇ? 2018ರಲ್ಲಿ ಅಡಾಲ್ಫ್ ತಂಡ ಕಂಪ್ಯೂಟರಿನೊಳಗಿನ ಫುಟ್‌ಬಾಲ್ ಆಡುವ ರೋಬೋಟ್‌ಗಳಿಗೆ ತರಬೇತಿ ಕೊಟ್ಟಿತು. ಕೆಲವಕ್ಕೆ ಅಚ್ಚುಕಟ್ಟಾದ ರೇಖಾಗಣಿತದ ಹಾದಿಗಳು, ಕೆಲವಕ್ಕೆ ಮಕ್ಕಳು ನಿಜವಾಗಿ ತುಳಿದ ವಕ್ರ ಹಾದಿಗಳು. ಪಂದ್ಯ ಆಡಿಸಿದಾಗ ಮಕ್ಕಳ ಹಾದಿಯಲ್ಲಿ ಕಲಿತ ರೋಬೋಟ್‌ಗಳು ಮೇಲುಗೈ ಪಡೆದವು. ಹಾದಿಯಲ್ಲಿ ವೈವಿಧ್ಯ ಹೆಚ್ಚಿದಷ್ಟೂ ಆಟ ಉತ್ತಮವಾಗಿತ್ತು. ವಯಸ್ಕರಲ್ಲೂ ಇದು ಹೀಗೆಯೇ. 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಲೇಜು ಯುವತಿಯರು ಬ್ಯಾಡ್ಮಿಂಟನ್‌ನ ಮೂರು ಬಗೆಯ ಸರ್ವ್ ಕಲಿತರು. ಒಂದೊಂದನ್ನೇ ಮುಗಿಸಿ ಮುಂದೆ ಹೋದವರಿಗಿಂತ ಮೂರನ್ನೂ ಕಲಸಿ ಅಭ್ಯಾಸ ಮಾಡಿದವರು ಆಮೇಲಿನ ಪರೀಕ್ಷೆಯಲ್ಲಿ, ಅದರಲ್ಲೂ ಅಂಕಣದ ಬದಿ ಬದಲಾಯಿಸಿದಾಗ, ಚೆನ್ನಾಗಿ ಮಾಡಿದರು.

ಎಳೆಯ ಮಿದುಳಿನ ಪಾಲು ಎಷ್ಟೆಂಬುದನ್ನೂ ಹೇಳಬೇಕು. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಮಕ್ಕಳು ಹಿಂದಿಯ 'ತ' ಮತ್ತು 'ಟ' ಧ್ವನಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲರು, ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಬಹುತೇಕ ಇಳಿದುಹೋಗುತ್ತದೆ ಎಂದು ತೋರಿಸಿದರು. ಧ್ವನಿಗಳ ಸೂಕ್ಷ್ಮ ಭೇದದಲ್ಲಿ ವಯಸ್ಸಿನ ಮಾತು ನಿಜ. ಅದನ್ನು ಸೈಕಲ್ಲಿಗೂ ಈಜಿಗೂ ತಬಲಾಕ್ಕೂ ಹಿಗ್ಗಿಸುವುದು ಮಾತ್ರ ತಪ್ಪು.

ಹೀಗೆ ಹಿಗ್ಗಿಸುವುದರಿಂದ ಆಗುವ ನಷ್ಟ ಪಾರ್ಶ್ವವಾಯು ಬಡಿದವರ ಮನೆಗಳಲ್ಲಿ ಕಾಣುತ್ತದೆ. ಅವರು ನಡಿಗೆಯನ್ನು ಎರಡನೆಯ ಬಾರಿ ಕಲಿಯಬೇಕಾದ ವಯಸ್ಕರು. 2009ರಲ್ಲಿ ಅಮೆರಿಕ ಮತ್ತು ಕೆನಡಾದ ಪುನಶ್ಚೇತನ ಕೇಂದ್ರಗಳಲ್ಲಿ ಚಿಕಿತ್ಸೆಯನ್ನು ಎದುರಿಗೆ ಕೂತು ಎಣಿಸಿದ ಅಧ್ಯಯನ ಪ್ರಕಟವಾಯಿತು. ನಡಿಗೆಯ ಅಭ್ಯಾಸದಲ್ಲಿ ಒಂದು ಅವಧಿಗೆ ಸಿಕ್ಕಿದ್ದು ಸರಾಸರಿ 357 ಹೆಜ್ಜೆ. ಕೈಯಿಂದ ದಿನಬಳಕೆಯ ಕೆಲಸ ಮಾಡುವ ಅಭ್ಯಾಸ ಕೇವಲ 32 ಬಾರಿ. ಮಗು ಹತ್ತು ನಿಮಿಷದಲ್ಲಿ ಮುಗಿಸುವಷ್ಟು ಹೆಜ್ಜೆ! ಇಷ್ಟರಲ್ಲಿ ಚೇತರಿಕೆ ನಿಧಾನವಾದರೆ ವಯಸ್ಸನ್ನಷ್ಟೇ ಹೊಣೆ ಮಾಡುವುದು ಹೇಗೆ? ಮರುವರ್ಷ ಆ ಅಧ್ಯಯನದ ಮುಂದಾಳುವಿನ ತಂಡವೇ ಒಂದು ಗಂಟೆಯ ಅವಧಿಯಲ್ಲಿ ಕೈಯ ಅಭ್ಯಾಸವನ್ನು ಮುನ್ನೂರು ಬಾರಿಗೂ ಮೀರಿಸಬಹುದೆಂದು ರೋಗಿಗಳೊಂದಿಗೇ ಮಾಡಿ ತೋರಿಸಿತು. ಈಗ ದೇಹದ ಭಾರವನ್ನು ಭಾಗಶಃ ಹೊರುವ ಪಟ್ಟಿಗಳನ್ನು ಸೊಂಟಕ್ಕೆ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುವ, ಎದೆಮಟ್ಟದ ನೀರಿನಲ್ಲಿ ನಡೆಸುವ ವ್ಯವಸ್ಥೆಗಳಿವೆ. ಥೆಲೆನ್ ಮಕ್ಕಳಿಗೆ ಮಾಡಿದ್ದೂ ಇದನ್ನೇ. ಮನೆಯಲ್ಲಿ ಅಂಥವರಿದ್ದರೆ, ಮುಂದಿನ ಭೇಟಿಯಲ್ಲಿ ಫಿಸಿಯೋಥೆರಪಿಸ್ಟರನ್ನು ಕೇಳಿ: ಇವತ್ತು ಎಷ್ಟು ಹೆಜ್ಜೆಯಾಯಿತು, ಬೀಳುವ ಅಪಾಯವಿಲ್ಲದೆ ಅದನ್ನು ಎಷ್ಟಕ್ಕೆ ಏರಿಸಬಹುದು, ನಯವಾದ ಟೈಲ್ಸ್ ಬಿಟ್ಟು ಬೇರೆ ಯಾವ ನೆಲದ ಮೇಲೆ ನಡೆಸಬಹುದು?